ಕ್ಷೌರದಂಗಡಿಯ ಹಾಸ್ಯಚಿತ್ರ: ಕನ್ನಡಿಯೊಳಗಿನ ಮುಖವನ್ನು ಹಿಡಿದ ಬಗೆ

ತಂದೆ, ಮಗ ಮತ್ತು ಮಗಳು ಸೇರಿ ನಡೆಸುವ ಬಡಾವಣೆಯ ಕ್ಷೌರದಂಗಡಿಯೊಂದರ ಕುರಿತು ಹಾಸ್ಯದ ಕಿರುಚಿತ್ರ ನಿರ್ದೇಶಿಸಲು ಹೊರಟಾಗ, ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಎದ್ದು ಹೋಗಲಾರ ಎಂಬ ಒಂದೇ ಸಂಗತಿಯ ಮೇಲೆ ಇಡೀ ಚಿತ್ರಕಥೆಯನ್ನು ಕಟ್ಟಿದೆ. ಹಳೆಯ ಕುರ್ಚಿಗಳನ್ನು ಬದಲಿಸಬೇಕೇ ಬೇಡವೇ ಎಂದು ಮನೆಯವರು ಜಗಳವಾಡುತ್ತಿರುವಾಗ ಅವನು ಕೊರಳವರೆಗೆ ಬಟ್ಟೆ ಹೊದ್ದು, ಕೈಯಾಡಿಸಲೂ ಆಗದೆ, ಮುಖವೊಂದರಲ್ಲೇ ಎಲ್ಲಕ್ಕೂ ಪ್ರತಿಕ್ರಿಯಿಸಬೇಕು. ಜಗಳದ ಮಾತು ಎಷ್ಟೇ ಚುರುಕಾಗಿದ್ದರೂ ನಗು ಹುಟ್ಟುವುದು ಅದನ್ನು ಕೇಳುತ್ತಿರುವ ಈ ಮುಖದಲ್ಲಿ.

ಮಾತನ್ನು ಒಂದು ಶಾಟ್‌ನಲ್ಲೂ ಪ್ರತಿಕ್ರಿಯೆಯನ್ನು ಇನ್ನೊಂದರಲ್ಲೂ ತೆಗೆದು ಜೋಡಿಸಿದರೆ, ಎಲ್ಲಿ ನಗಬೇಕೆಂದು ಸಂಕಲನವೇ ಪ್ರೇಕ್ಷಕರಿಗೆ ಹೇಳಿಕೊಟ್ಟಂತಾಗುತ್ತದೆ. ಕ್ಷೌರದಂಗಡಿಯ ಕನ್ನಡಿಯಲ್ಲಾದರೋ ಹಿಂದೆ ನಿಂತವನ ಮುಖ, ಮುಂದೆ ಕುಳಿತವನ ಮುಖ ಎರಡೂ ನಮ್ಮ ಕಡೆಗೇ ತಿರುಗಿ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಇಂತಹ ಅನುಕೂಲ ಬೇರೆ ಯಾವ ಅಂಗಡಿಯಲ್ಲೂ ಇಷ್ಟು ಸಹಜವಾಗಿ ದೊರೆಯದು.

ಕ್ಯಾಮೆರಾವನ್ನು ಕುರ್ಚಿಯ ಹಿಂದೆ ಓರೆಯಾಗಿಟ್ಟು, ಕನ್ನಡಿಯ ಒಂದು ಬದಿಯ ಅಂಚಿನ ಹಿಂದೆ ಮರದ ಬೆಣೆ ಸಿಕ್ಕಿಸಿದೆವು. ಕನ್ನಡಿ ತಿರುಗಿದ ಕೋನದ ಎರಡರಷ್ಟು ಪ್ರತಿಬಿಂಬ ಸರಿಯುವುದರಿಂದ, ಸಣ್ಣ ಬೆಣೆಯೇ ಕ್ಯಾಮೆರಾವನ್ನು ಚೌಕಟ್ಟಿನಿಂದ ಹೊರಗೆ ತಳ್ಳಿತು. ಫೋಕಸ್‌ನ ಲೆಕ್ಕವೂ ಇಲ್ಲಿ ಬೇರೆ: ಕನ್ನಡಿಯಿಂದ ಕ್ಯಾಮೆರಾ 2 ಮೀಟರ್, ಗಿರಾಕಿ 1 ಮೀಟರ್ ದೂರದಲ್ಲಿದ್ದರೆ ಅವನ ಪ್ರತಿಬಿಂಬಕ್ಕೆ 3 ಮೀಟರ್ ದೂರವನ್ನೇ ಹಿಡಿಯಬೇಕು. ಆಗ ಹತ್ತಿರದ ಹಿಂದಲೆ ಮಸುಕಾಗಿ, ಮುಖ ಸ್ಪಷ್ಟವಾಗುತ್ತದೆ. ನಟರು ಕನ್ನಡಿಯಲ್ಲಿ ನಿಜವಾಗಿಯೇ ಪರಸ್ಪರ ದಿಟ್ಟಿಸಿದರೆ ಕ್ಯಾಮೆರಾಕ್ಕೆ ಅವರ ನೋಟ ತಪ್ಪಿದಂತೆ ಕಾಣಬಹುದು. ಆದ್ದರಿಂದ ಕ್ಯಾಮೆರಾದಲ್ಲಿ ಸರಿಯೆನಿಸಿದ ಬಿಂದುವಿಗೆ ಕನ್ನಡಿಯ ಅಂಚಿನಲ್ಲಿ ಪಟ್ಟಿ ಅಂಟಿಸಿ, ಎದುರಿನವರ ಕಣ್ಣು ಕಾಣದಿದ್ದರೂ ಅದನ್ನೇ ನೋಡಿ ಅಭಿನಯಿಸುವಂತೆ ಕೇಳಿಕೊಂಡೆ. ನಟನಿಗೆ ಇದು ಸುಲಭದ ಕೆಲಸವಲ್ಲ. ತಾಲೀಮಿನ ಬಹುಪಾಲು ಸಮಯವನ್ನು ನಾನು ಇದಕ್ಕೇ ಕೊಟ್ಟೆ.

ಕತ್ತರಿಸಿದ ಕೂದಲು ಮುಂದಿನ ಟೇಕ್‌ಗೆ ಮರಳಿ ಬಾರದು. ಹಾಗಾಗಿ ಕಥೆಯ ಅನುಕ್ರಮವನ್ನು ಬಿಟ್ಟು, ಕೂದಲು ಉದ್ದವಿರುವ ದೃಶ್ಯಗಳನ್ನು ಮೊದಲು ಮುಗಿಸಿದೆವು. ಕ್ಷೌರದ ದೃಶ್ಯಕ್ಕೆ ಮೊದಲೇ ನುಣ್ಣಗೆ ಬೋಳಿಸಿದ ಮುಖಕ್ಕೆ ನೊರೆ ಹಚ್ಚಿ, ಬ್ಲೇಡ್ ತೆಗೆದ ರೇಜರ್‌ನಿಂದ ಆ ನೊರೆಯನ್ನಷ್ಟೇ ಎಳೆಯುತ್ತಿದ್ದೆವು. ಎಷ್ಟು ಟೇಕ್ ಬೇಕಾದರೂ ತೆಗೆಯಬಹುದಿತ್ತು. ಟ್ರಿಮ್ಮರ್ ಸದ್ದನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿದೆವು. 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಶಟರ್ ವೇಗವನ್ನು 1/50 ಸೆಕೆಂಡಿಗೆ ಹೊಂದಿಸಿದೆವು; ಆಗ ಪ್ರತಿ ಫ್ರೇಮ್‌ನಲ್ಲೂ ಸರಿಯಾಗಿ ಎರಡು ಮಿನುಗು ಸೇರಿ, ಚಿತ್ರದಲ್ಲಿ ಬೆಳಕು ಮಿಟುಕಿದಂತೆ ಕಾಣದು.

ತಂದೆಯ ಪಾತ್ರಧಾರಿ ಅನುಭವಿ ಕ್ಷೌರಿಕರೊಬ್ಬರ ಬಳಿ ಬಾಚಣಿಗೆ, ಕತ್ತರಿ ಹಿಡಿಯುವುದನ್ನು ಕಲಿಯಬೇಕೆಂದು ನಾನು ಪಟ್ಟುಹಿಡಿದಿದ್ದೆ. ಕೈ ತಡವರಿಸಿದರೆ ಪ್ರೇಕ್ಷಕರ ನಗು ಕಸುಬಿನ ಮೇಲೆ ಬೀಳುತ್ತದೆ. ನನಗೆ ಬೇಕಾಗಿದ್ದುದು ಕಸುಬು ಬಲ್ಲ ಕುಟುಂಬವೊಂದರ ಹಟಮಾರಿತನದ ನಗು. ಸಂಕಲನದಲ್ಲಿ ಜಗಳದ ದೃಶ್ಯವನ್ನು ತುಂಡರಿಸಿದ್ದು ಒಂದೇ ಕಡೆ: ಮಗಳು ತಂದೆಯ ಕೈಯಿಂದ ರೇಜರ್ ತೆಗೆದುಕೊಂಡು, ಉಳಿದರ್ಧ ಗಡ್ಡಕ್ಕೆ ತಾನೇ ಕೈಹಾಕುವಲ್ಲಿ.