ಯಾರೂ ಮುಟ್ಟದಿದ್ದರೂ ಕರಕರ ಅನ್ನುತ್ತಿದ್ದ ಡಿಸ್ಕ್

ಬಾಗಲಕೋಟೆ ನವನಗರದ ನಮ್ಮ ಮನೆಯ ಕಂಪ್ಯೂಟರ್ 2013ರದ್ದು. 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆಲಮಟ್ಟಿ ಹಿನ್ನೀರಿಗೆ ಹೋದ ನಮ್ಮ ಹಳೇ ಮನೆಯ ಫೋಟೋಗಳು ಇರುವುದು ಅದರಲ್ಲೇ. ಅಪ್ಪ ಒಂದೊಂದನ್ನೇ ಸ್ಕ್ಯಾನ್ ಮಾಡಿಸಿ ಇಟ್ಟಿದ್ದರು. ಆಮೇಲೆ ಆಲ್ಬಮ್ಮಿಗೆ ಗೆದ್ದಲು ಹತ್ತಿತು. ಉಳಿದದ್ದು ಆ ಫೈಲುಗಳಷ್ಟೇ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವ್ವ ಕರೆದಳು. "ಯಾರೂ ಮುಟ್ಟಿಲ್ಲ, ಮತ್ಯಾಕ ಕರಕರ ಅನ್ನಾಕತ್ತೈತೋ ಅದು?" ನೋಡಿದರೆ ಡಿಸ್ಕ್ ಕೆಲಸ ಮಾಡುವಾಗ ಹತ್ತುವ, ಮುಂಭಾಗದ ಕೆಂಪು ದೀಪ ಆರುತ್ತಲೇ ಇರಲಿಲ್ಲ. ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ವೈರಸ್ ಇರ್ತೈತ್ರಿ, ಫಾರ್ಮ್ಯಾಟ್ ಹೊಡೆದುಬಿಡೋಣು" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಡಿಸ್ಕಿಗೆ ಕೆಲಸ ಹಚ್ಚಿದ್ದು ಯಾವುದು ಅಂತ ಮೊದಲು ತಿಳಿಯಬೇಕಿತ್ತು.

ಸುಮ್ನೆ ಪಕ್ಕದಲ್ಲಿ ಕೂತೆ. ಐದಾರು ನಿಮಿಷಕ್ಕೆ ಸಪ್ಪಳ ಶುರುವಾಯಿತು. ಮೌಸ್ ಅಲುಗಿಸಿದೆ, ಸ್ವಲ್ಪ ಹೊತ್ತಿಗೆ ನಿಂತಿತು. ಇದು ವಿಂಡೋಸ್ ಬಿಡುವಿನಲ್ಲಿ ಮಾಡಿಕೊಳ್ಳುವ ಕೆಲಸ: ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಜೋಡಿಸುವುದು), ಡಿಫೆಂಡರ್ ಸ್ಕ್ಯಾನ್ (ವೈರಸ್ ಹುಡುಕುವುದು), ಅಪ್‌ಡೇಟ್ ಹುಡುಕುವುದು. ಇದಕ್ಕೆ ಇಟ್ಟಿರುವ ಹೊತ್ತು ರಾತ್ರಿ 2 ಗಂಟೆ. ನಾವು ರಾತ್ರಿ ಕಂಪ್ಯೂಟರ್ ಆಫ್ ಮಾಡುತ್ತೇವೆ. ಹಾಗಾಗಿ ತಪ್ಪಿದ ಕೆಲಸವನ್ನು ಅದು ಹಗಲು ಹೊತ್ತು ಯಾರೂ ಮುಟ್ಟದಾಗ ಮಾಡುತ್ತಿತ್ತು. ಇದಕ್ಕೆ ಹೆದರಬೇಕಿಲ್ಲ.

ಆದರೆ ಕೆಲವು ಸಲ ಮೌಸ್ ಅಲುಗಿಸಿದರೂ ಸಪ್ಪಳ ನಿಲ್ಲುತ್ತಿರಲಿಲ್ಲ. ಆಗ ರಿಸೋರ್ಸ್ ಮಾನಿಟರ್ ತೆರೆದೆ. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ಅದರ ಡಿಸ್ಕ್ ಟ್ಯಾಬಿನಲ್ಲಿ ಯಾವ ಪ್ರೋಗ್ರಾಂ ಯಾವ ಫೈಲನ್ನು ಓದುತ್ತಿದೆ, ಎಲ್ಲಿ ಬರೆಯುತ್ತಿದೆ ಅಂತ ಸಾಲಾಗಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್ ಇಷ್ಟು ಬಿಡಿಸಿ ಹೇಳುವುದಿಲ್ಲ. ಮೇಲಿದ್ದದ್ದು ಪೇಜ್ ಫೈಲ್. ರ್‍ಯಾಮ್ ಸಾಲದಿದ್ದಾಗ ವಿಂಡೋಸ್ ಡಿಸ್ಕನ್ನೇ ರ್‍ಯಾಮ್ ಥರ ಬಳಸುತ್ತದೆ. ನನ್ನ ತಮ್ಮ ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟಿದ್ದ. ಮುಚ್ಚಿದೆ, ಅರ್ಧ ಸಪ್ಪಳ ಇಳಿಯಿತು.

ಉಳಿದರ್ಧ ನೋಡಿ ಎದೆ ಧಸಕ್ಕಂತು. ಡಿಸ್ಕ್ 100% ಬಿಜಿ, ಆದರೆ ವೇಗ ಸೆಕೆಂಡಿಗೆ ಕೆಲವೇ ಕೆಬಿ. ರೆಸ್ಪಾನ್ಸ್ ಟೈಮ್, ಅಂದರೆ ಕೇಳಿದ್ದಕ್ಕೆ ಡಿಸ್ಕ್ ಉತ್ತರಿಸಲು ಹಿಡಿಯುವ ಹೊತ್ತು, ಸಾವಿರಾರು ಮಿಲಿಸೆಕೆಂಡ್. ಗಟ್ಟಿ ಇರುವ ಡಿಸ್ಕಿನಲ್ಲಿ ಹಗುರ ಕೆಲಸಕ್ಕೆ ಅದು ಹತ್ತಿಪ್ಪತ್ತರ ಆಸುಪಾಸು ಇರುತ್ತದೆ. ಖಾಲಿ ಚಕ್ಕಡಿಗೆ ಎತ್ತು ಏದುಸಿರು ಬಿಟ್ಟರೆ ಏನರ್ಥ? ಜಡ್ಡು ಎತ್ತಿಗೇ ಇದೆ ಅಲ್ವಾ?

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಅದು ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ. ಹಳದಿ ಬಣ್ಣ, ಅಂದರೆ ಎಚ್ಚರಿಕೆ, ತೋರಿಸಿತು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಣುಕುಗಳು) ಎಷ್ಟು ಅಂತ ಹೇಳುವ ಸಿ5 ಎಂಬ ಸಾಲಿನಲ್ಲಿ 18 ಇತ್ತು. ಇಲ್ಲೊಂದು ಮಾತು: ಆ ಅಂಕಿ ಮೊದಲಿಗೆ ಹದಿನಾರರ ಲೆಕ್ಕವಾದ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತದೆ. ನಮ್ಮ ಲೆಕ್ಕಕ್ಕೆ ಅದು 24. ಅಂದರೆ 24 ಸೆಕ್ಟರುಗಳನ್ನು ಓದಲಾಗದೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಕರಕರ ಅದರದ್ದೇ. ಕೇಬಲ್ಲಿನಲ್ಲಿ ಆಗುವ ತಪ್ಪುಗಳನ್ನು ಎಣಿಸುವ ಸಿ7 ಸಾಲಿನಲ್ಲಿ ಸೊನ್ನೆ ಇತ್ತು. ಅದು ಏರುತ್ತಿದ್ದರೆ ಬಹುಶಃ ಡಿಸ್ಕಿಗೆ ಹೋಗುವ ಸಾಟಾ ಕೇಬಲ್ ಬದಲಿಸಿದರೆ ಸಾಕಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಜಾಸ್ತಿ ಜನ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಸಾಧನ) ಇಲ್ಲವೇ ಡಿಫ್ರಾಗ್ ಓಡಿಸುತ್ತಾರೆ. ದಯವಿಟ್ಟು ಬೇಡ. ಸೋತ ಡಿಸ್ಕಿಗೆ ಅದು ಗಂಟೆಗಟ್ಟಲೆ ದುಡಿತ. ಮೊದಲು ಬೇಕಾದ ಫೈಲುಗಳನ್ನು ಹೊರಗೆ ತೆಗೆಯಬೇಕು. ನಾನು ಬೇರೆಲ್ಲ ಮುಚ್ಚಿ, ಹೊರಗಿನ ಡ್ರೈವಿಗೆ ಫೋಟೋ ಫೋಲ್ಡರುಗಳನ್ನು ಒಂದೊಂದಾಗಿ ಕಾಪಿ ಮಾಡಿದೆ. ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅದನ್ನು ಬಿಟ್ಟು ಮುಂದೆ ಹೋದೆ. ಕೊನೆಗೆ ಮೂರು ಫೋಟೋ ಉಳಿದವು. ಮರುದಿನ ಬೆಳಿಗ್ಗೆ ಮತ್ತೆ ಪ್ರಯತ್ನಿಸಿದಾಗ ಎರಡು ಬಂದವು. ಹಿತ್ತಲ ಬೇವಿನ ಮರದ ಫೋಟೋ ಬರಲಿಲ್ಲ. ಅವ್ವನಿಗೆ ಹೇಳುವುದು ಕಷ್ಟವಾಯಿತು.

ಆಮೇಲೆ, ಒಳಗೆ ತಿರುಗುವ ತಟ್ಟೆ ಇಲ್ಲದ 256 ಜಿಬಿ ಎಸ್‌ಎಸ್‌ಡಿ ತಂದು, ಅದಕ್ಕೆ ವಿಂಡೋಸ್ ಹೊಸದಾಗಿಯೇ ಹಾಕಿದೆ. ಕೆಟ್ಟ ಡಿಸ್ಕಿನಿಂದ ಕ್ಲೋನ್ (ಇಡೀ ಡಿಸ್ಕಿನ ಯಥಾಪ್ರತಿ) ಮಾಡಲು ಧೈರ್ಯ ಬರಲಿಲ್ಲ. ಫೋಟೋಗಳ ಒಂದು ಪ್ರತಿ ಈಗ ವಿಜಯಪುರದಲ್ಲಿ ಅಕ್ಕನ ಮನೆಯಲ್ಲಿದೆ. ಹಳೇ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಬೇವಿನ ಮರದ ಫೋಟೋ ಇನ್ನೂ ಅದರಲ್ಲೇ ಇದೆ.