ಮೇಷ್ಟ್ರು ಏನೋ ಕಳ್ಕೊಂಡಿದ್ದಾರೆ

ಹಾಸನದ ಮಹಾರಾಜ ಪಾರ್ಕಿಗೆ ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ಒಂದು ಬೆಳಿಗ್ಗೆ ಕೇಳಿಯೇಬಿಟ್ಟರು. "ಮೇಷ್ಟ್ರೇ, ಯಾವಾಗ ನೋಡಿದ್ರೂ ಆ ಮರಾನೇ ನೋಡ್ತಾ ಕೂತಿರ್ತೀರಲ್ಲ, ಏನಾದ್ರೂ ಕಳ್ಕೊಂಡಿದ್ದೀರಾ?" ಹಕ್ಕಿ ನೋಡ್ತಿದ್ದೀನಿ ಸಾರ್ ಅಂದೆ. "ಕಾಗೆ ಬಿಟ್ರೆ ಇಲ್ಲಿ ಇನ್ನೇನಿದೆ!" ಅಂದು ಹೊರಟರು.

ಮೊದಲ ವರ್ಷ ನನಗೂ ಹಾಗೇ ಅನ್ನಿಸಿತ್ತು. ವಲಸೆ ಹಕ್ಕಿ ಅಂದರೆ ಕೆರೆಗೆ ಹಿಂಡುಹಿಂಡಾಗಿ ಇಳಿಯುವ ಬಾತುಗಳು ಅಂದುಕೊಂಡಿದ್ದೆ. ಪಾರ್ಕಿಗೆ ಬರುವವು ಬೇರೆಯೇ. ಬಹಳಷ್ಟು ಗುಬ್ಬಿಗಿಂತ ಚಿಕ್ಕವು, ಬಣ್ಣವೂ ಮಂಕು. ರಾತ್ರಿಯೆಲ್ಲ ಹಾರಿ ಬಂದು, ಬೆಳಕು ಹರಿಯುವಷ್ಟರಲ್ಲಿ ಎಲೆಗಳ ಮಧ್ಯೆ ಸೇರಿಕೊಳ್ಳುತ್ತವೆ. ಗೌರಿ ಹಬ್ಬದ ಆಸುಪಾಸಿಗೆ ಶುರುವಾದರೆ ಹಾಸನಾಂಬೆಯ ಬಾಗಿಲು ತೆಗೆಯುವವರೆಗೂ ಒಂದೊಂದಾಗಿ ಬರುತ್ತಲೇ ಇರುತ್ತವೆ. ನಾನೋ, 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲದ) ಬೈನಾಕ್ಯುಲರ್ ಕುತ್ತಿಗೆಗೆ ನೇತುಹಾಕಿಕೊಂಡು ಪಾರ್ಕೆಲ್ಲ ಸುತ್ತಿದೆ. ಸಿಕ್ಕಿದ್ದು ಕುತ್ತಿಗೆ ನೋವು. ಆಮೇಲೆ 8×42 ತೆಗೆದುಕೊಂಡೆ. ಹಗುರ, ಕೈ ನಡುಕವೂ ಅಷ್ಟಾಗಿ ಕಾಣುವುದಿಲ್ಲ.

ದಾರಿ ತೋರಿಸಿದ್ದು ಕಣ್ಣಲ್ಲ, ಕಿವಿ. ಎರಡನೇ ವರ್ಷ ಸುಸ್ತಾಗಿ ಹೊಂಗೆ ಮರದ ಕೆಳಗೆ ಕೂತಿದ್ದಾಗ ಮೇಲಿಂದ "ಚಿಸ್ಲೀ... ಚಿಸ್ಲೀ" ಅಂತ ಚೂಪಾದ ದನಿ. ಹಿಂದಿನ ವಾರ ಆ ದನಿ ಇರಲಿಲ್ಲ. ಇಪ್ಪತ್ತು ನಿಮಿಷ ಕತ್ತೆತ್ತಿ ಕೂತ ಮೇಲೆ ಕಂಡಿತು, ಹಸಿರು ಉಲಿಯಕ್ಕಿ. ಸುಮಾರು 8 ಗ್ರಾಂ ತೂಗುವ ಜೀವ, ಹಿಮಾಲಯದ ಕಡೆಯಿಂದಲೋ ಅದರಾಚೆಯಿಂದಲೋ ಬಂದದ್ದು. ಎಲೆ ಹೊಲಿದು ಗೂಡು ಕಟ್ಟುವ ನಮ್ಮ ಸಿಂಪಿಗ ಹಕ್ಕಿ ಅಂತ ಮೋಸಹೋಗುವುದು ಸುಲಭ. ಆದರೆ ಸಿಂಪಿಗ ಜಾಸ್ತಿ ತಗ್ಗಿನ ಪೊದೆಯಲ್ಲಿ ಬಾಲ ನಿಮಿರಿಸಿಕೊಂಡು ಓಡಾಡುತ್ತದೆ. ಇದು ಮರದ ಮೇಲ್ಭಾಗದಲ್ಲಿ, ಎಲೆಯಡಿ ಹುಳ ಹುಡುಕುತ್ತಾ. ಕಣ್ಣಿನ ಮೇಲೆ ತಿಳಿ ಹುಬ್ಬು, ರೆಕ್ಕೆಯ ಮೇಲೆ ಸಣ್ಣದೊಂದು ಗೀರು. ಚಳಿಗಾಲವಿಡೀ ತನ್ನ ಮರ ತನಗೇ ಅಂತ ಕಾಯುವ ಹಕ್ಕಿ, ಅದಕ್ಕೇ ಆ ಕೂಗು. ಅಂದಿನಿಂದ ಸುತ್ತುವುದನ್ನು ಬಿಟ್ಟೆ. ಆರೂವರೆಗೆ ಬಂದು, ಸೂರ್ಯ ಬೆನ್ನಿಗಿರುವ ಹಾಗೆ ಕೂರುತ್ತೇನೆ. ಮೊದಲ ಬಿಸಿಲು ಯಾವ ಕೊಂಬೆಗೆ ಬೀಳುತ್ತದೋ ಅಲ್ಲಿ ಹುಳ ಏಳುತ್ತವೆ, ಹಕ್ಕಿಯೂ ಅಲ್ಲಿಗೇ ಬರುತ್ತದೆ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವವರೂ ಇದ್ದಾರೆ. ನನಗದು ಸರಿ ಕಾಣುವುದಿಲ್ಲ. ಅಷ್ಟು ದೂರದಿಂದ ಹಸಿದು ಬಂದಿರುವುದನ್ನು ಸುಮ್ನೆ ಜಗಳಕ್ಕೆ ಎಳೆದ ಹಾಗೆ, ಅಲ್ವಾ?

ಕಂದು ನೊಣಹಿಡುಕ ಸ್ವಲ್ಪ ತಡ, ಹಸ್ತ ಮಳೆ ಹೊತ್ತಿಗೆ. ಹೊಸಬರಿಗೆ ಇದೇ ಒಳ್ಳೆಯದು. ಹಾರಿ ಹುಳ ಹಿಡಿದು ಮತ್ತೆ ಮತ್ತೆ ಅದೇ ಕೊಂಬೆಗೆ ಬರುತ್ತದೆ. ಬೈನಾಕ್ಯುಲರನ್ನು ಆ ಕೊಂಬೆಗೆ ಹಿಡಿದು ಕಾದರೆ ಸಾಕು.

ಇನ್ನು ಸಿಪಿಲೆಯ ಕಥೆ. ಸೋರುವ ನಲ್ಲಿಯ ಹತ್ತಿರ ಕಪ್ಪು ಬಿಳುಪಿನ ಹಕ್ಕಿಯೊಂದು ಬಾಲ ಕುಣಿಸುವುದನ್ನು ನೋಡಿ, "ಸಿಪಿಲೆ ಬಂತು" ಅಂತ ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ. ಪಕ್ಕದಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿ ನಕ್ಕರು. "ಅದು ವರ್ಷಪೂರ್ತಿ ಇಲ್ಲೇ ಇರ್ತೈತೆ ಮೇಷ್ಟ್ರೇ. ಹೊಟ್ಟೆ ಹಳದಿ ಇರೋದು ಬೇರೆ, ಅದು ಮಳೆ ಇಳಿದ ಮೇಲೆ ಬರ್ತೈತೆ." ಪುಸ್ತಕ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಬೂದು ಬೆನ್ನು, ಹಳದಿ ಹೊಟ್ಟೆ, ಉದ್ದ ಬಾಲದ ಬೂದು ಸಿಪಿಲೆಯೇ ವಲಸೆಯದು. ನಮ್ಮಲ್ಲಿ ಬೇಗ ಬಂದು ಸೇರುವವುಗಳಲ್ಲಿ ಅದೂ ಒಂದು.

ಈ ಸಲ ಉತ್ತರೆ ಮಳೆ ಶುರುವಾದ ವಾರ ಎರಡು ದಿನ ಜ್ವರ, ಪಾರ್ಕಿಗೆ ಹೋಗಿರಲಿಲ್ಲ. ಮೂರನೇ ದಿನ ಮಾಲಿ ಗೇಟಿನಲ್ಲೇ ತಡೆದರು. "ಹಳದಿ ಹೊಟ್ಟೇದು ನಿನ್ನೇನೇ ಬಂತು. ನೀವೇ ಬರ್ಲಿಲ್ಲ." ಡೈರಿಯಲ್ಲಿ ನಿನ್ನೆಯ ತಾರೀಖು ಹಾಕಿದೆ. ಪಕ್ಕದಲ್ಲಿ "ನೋಡಿದ್ದು ಮಾಲಿ" ಅಂತ ಬರೆದುಕೊಂಡು ನಲ್ಲಿ ಕಡೆ ನಡೆದೆ.