ಮಾಲ್ಡೀವ್ಸ್ ಫಾರಂ ಗೊಂದಲ ಬಗೆಹರಿದದ್ದು ಹೀಗೆ

ಮಾಲ್ಡೀವ್ಸ್‌ಗೆ ಹೋಗುವ ಮುಂಚೆ ಎಲ್ಲರೂ ‘ಇಮೂಗಾ’ ಅನ್ನುವ ಪ್ರಯಾಣಿಕರ ಘೋಷಣೆ ತುಂಬಬೇಕು. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಸಿಕ್ಕ ಸೈಟು ತಲೆಗೆ ಇಷ್ಟು ಡಾಲರ್ ಅಂತ ಕೇಳಿತು. ಅನುಮಾನ ಬಂತು, ಮುಚ್ಚಿಬಿಟ್ಟೆ. ಅಸಲಿ ಫಾರಂ ಇರುವುದು ಅವರ ವಲಸೆ ಇಲಾಖೆಯ ಸೈಟಿನಲ್ಲಿ. ವಿಳಾಸದ ಕೊನೆಗೆ ‘ಡಾಟ್ ಗವ್ ಡಾಟ್ ಎಂವಿ’ ಇದೆಯಾ ನೋಡಿ. ಪೂರ್ತಿ ಪುಕ್ಕಟೆ.

ಅಲ್ಲೂ ಒಂದು ತಕರಾರು. ನಮ್ಮ ತಾರೀಖನ್ನು ಅದು ಒಪ್ಪಲೇ ಇಲ್ಲ. ಕಾರಣ ಇಷ್ಟೇ: ವಿಮಾನ ಹೊರಡುವ ಮುಂಚಿನ 96 ಗಂಟೆಯೊಳಗೆ ಮಾತ್ರ ತುಂಬಬಹುದು. ಆಮೇಲೆ ತುಂಬಿದೆ, ಕ್ಯೂಆರ್ ಕೋಡ್ ಬಂತು, ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ಬೆಂಗಳೂರಿನ ಕೌಂಟರಿನಲ್ಲೇ ಅದನ್ನು ಕೇಳಿದರು. ವಾಪಸ್ ಬರುವಾಗಲೂ ಇನ್ನೊಮ್ಮೆ ತುಂಬಬೇಕು, ಇದನ್ನು ಜಾಸ್ತಿ ಜನ ಮರೀತಾರೆ.

ಭಾರತೀಯರಿಗೆ ಮೊದಲೇ ವೀಸಾ ಮಾಡಿಸುವ ರಗಳೆ ಇಲ್ಲ. ರಿಟರ್ನ್ ಟಿಕೆಟ್, ರೂಮ್ ಬುಕಿಂಗ್ ಮಾತ್ರ ಕೈಯಲ್ಲಿರಲಿ. ಡ್ಯೂಟಿ ಫ್ರೀ ಬಾಟಲಿ ಸುಮ್ನೆ ಒಯ್ಯಬೇಡಿ, ಮದ್ಯ ಒಳಗೆ ಬಿಡಲ್ಲ. ಮಾಫುಶಿಯಂಥ ಊರಿರುವ ದ್ವೀಪದಲ್ಲಿ ಉಳಿಯುವವರು ಶುಕ್ರವಾರ ಇಳಿಯುವುದಾದರೆ ಸ್ಪೀಡ್‌ಬೋಟ್ ಮೊದಲೇ ಬುಕ್ ಮಾಡಿ. ಅವತ್ತು ರಜೆ, ಅಗ್ಗದ ಸರ್ಕಾರಿ ದೋಣಿಯನ್ನು ನಂಬಿ ಕೂರುವ ಹಾಗಿಲ್ಲ.